ಹಾಲುಹಾದಿ: ಒಂದು ಹೆಸರಿನ ಚರಿತ್ರೆ

ಚಂದ್ರನಿಲ್ಲದ ಇರುಳಿನಲ್ಲಿ ಊರ ದೀಪಗಳಿಂದ ದೂರ ನಿಂತು ಆಕಾಶವನ್ನು ನೋಡಿದವರಿಗೆ, ಮಸಕು ಬಿಳುಪಿನ ಪಟ್ಟಿಯೊಂದು ದಿಗಂತದಿಂದ ದಿಗಂತಕ್ಕೆ ಹಬ್ಬಿರುವುದು ಕಾಣುತ್ತದೆ. ಅದು ಮೋಡವಲ್ಲ, ನಕ್ಷತ್ರಗಳೊಡನೆ ಮೂಡಿ ನಕ್ಷತ್ರಗಳೊಡನೆಯೇ ಮುಳುಗುತ್ತದೆ. ನಮ್ಮ ಹಿರಿಯರು ಅದನ್ನು ಆಕಾಶಗಂಗೆ ಎಂದರು. ಚೀನೀಯರಿಗೂ ಅದು ನದಿಯೇ, ಬೆಳ್ಳಿಯ ನದಿ. ಫಿನ್ಲೆಂಡಿನವರಿಗೆ ಹಕ್ಕಿಗಳ ದಾರಿ. ಹಾಗಾದರೆ ನಾವು ಪುಸ್ತಕಗಳಲ್ಲಿ ಓದುವ ‘ಹಾಲುಹಾದಿ’, ‘ಕ್ಷೀರಪಥ’ಗಳಲ್ಲಿ ಹಾಲು ಎಲ್ಲಿಂದ ಬಂದಿತು? ನಮ್ಮ ಪುರಾಣದ ಕ್ಷೀರಸಾಗರದಿಂದಲ್ಲ. ಅವು ಇಂಗ್ಲಿಷಿನ ‘ಮಿಲ್ಕಿ ವೇ’ ಎಂಬುದರ ಅನುವಾದಗಳು, ಅದು ಲ್ಯಾಟಿನ್ನಿನ ‘ವಿಯಾ ಲ್ಯಾಕ್ಟಿಯ’ದ ಅನುವಾದ, ಅದಕ್ಕೂ ಹಿಂದೆ ಗ್ರೀಕರಿದ್ದಾರೆ.

ಗ್ರೀಕ್ ಭಾಷೆಯಲ್ಲಿ ‘ಗಾಲ’ ಎಂದರೆ ಹಾಲು. ಆಕಾಶವನ್ನು ಸುತ್ತುವರಿದ ಈ ಪಟ್ಟಿಯನ್ನು ಅವರು ‘ಹಾಲಿನ ವೃತ್ತ’ವೆಂದು ಕರೆದರು. ಅದಕ್ಕೊಂದು ಕಥೆಯೂ ಇದೆ. ದೇವರಾಜನಾದ ಜ್ಯೂಸನು ಮಾನವ ಸ್ತ್ರೀಯಲ್ಲಿ ಪಡೆದ ಶಿಶು ಹೆರಾಕ್ಲೀಸ್. ಅದಕ್ಕೆ ಅಮರತ್ವ ದೊರೆಯಲೆಂದು, ನಿದ್ರಿಸುತ್ತಿದ್ದ ರಾಣಿ ಹೀರಾಳ ಎದೆಹಾಲನ್ನು ಕುಡಿಸಹೋದಾಗ ಆಕೆ ಎಚ್ಚತ್ತು ಮಗುವನ್ನು ದೂಡಿದಳಂತೆ. ಚೆಲ್ಲಿದ ಹಾಲೇ ಆಕಾಶದಲ್ಲಿ ಹರಡಿತಂತೆ. ಹೆಸರಿಗಾಗಿ ಕಥೆ ಹುಟ್ಟಿತೇ ಹೊರತು ಕಥೆಯಿಂದ ಹೆಸರು ಬರಲಿಲ್ಲವೆಂದು ನನ್ನ ಊಹೆ. ಬಿಳುಪನ್ನು ಕಾಣಲು ಕಥೆಯೇನೂ ಬೇಕಿಲ್ಲ.

ಆ ಬಿಳುಪಿನ ಕಾರಣವನ್ನು ಅರಿಯಲು ಮಾತ್ರ ಬಹುಕಾಲ ಹಿಡಿಯಿತು. ಅದು ವಾಯುಮಂಡಲದ ಮೇಲ್ಭಾಗದಲ್ಲಿ ನಡೆಯುವ ವ್ಯಾಪಾರವೆಂದು ಅರಿಸ್ಟಾಟಲನು ಬಗೆದಿದ್ದನು. ಗೆಲಿಲಿಯೋ ತನ್ನ ದೂರದರ್ಶಕವನ್ನು ಅತ್ತ ತಿರುಗಿಸಿ, ಅದು ಅಸಂಖ್ಯ ನಕ್ಷತ್ರಗಳ ಸಮೂಹವೆಂದು 1610ರಲ್ಲಿ ಪ್ರಕಟಿಸಿದನು. ದೂರದಿಂದ ಮರಳಿನ ರಾಶಿಯಲ್ಲಿ ಕಣಗಳು ಬೇರೆಬೇರೆಯಾಗಿ ಕಾಣವಷ್ಟೆ. ಹಾಗೆಯೇ ಮಂದವೂ ಒತ್ತೊತ್ತಾಗಿಯೂ ಇರುವ ಈ ನಕ್ಷತ್ರಗಳ ಬೆಳಕು ನಮ್ಮ ಕಣ್ಣಿನಲ್ಲಿ ಬೆರೆತು ಒಂದಾಗುತ್ತದೆ. ಪಟ್ಟಿಯ ಆಕಾರಕ್ಕೆ ಕಾರಣ ಬೇರೆ. ಈ ನಕ್ಷತ್ರವ್ಯೂಹವು ರೊಟ್ಟಿಯಂತೆ ಚಪ್ಪಟೆ. ಅಡ್ಡಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಸೂರ್ಯನೂ ನಾವೂ ಅದರೊಳಗೇ, ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದೇವೆ. ರೊಟ್ಟಿಯ ಹರವಿನ ದಿಕ್ಕಿನಲ್ಲಿ ನೋಡಿದರೆ ನಕ್ಷತ್ರಗಳ ದಟ್ಟಣೆ. ಮೇಲಕ್ಕೋ ಕೆಳಕ್ಕೋ ನೋಡಿದರೆ ವಿರಳ.

ಹೀಗೆ, ಕಣ್ಣಿಗೆ ಕಾಣುವ ಪಟ್ಟಿಗಿಟ್ಟ ಹೆಸರು, ಹೊರಗೆ ನಿಂತು ಯಾರೂ ನೋಡದ ಒಂದು ಮಹಾವ್ಯೂಹದ ಹೆಸರಾಯಿತು. ಅಲ್ಲಿಗೂ ಅದು ನಿಲ್ಲಲಿಲ್ಲ. ‘ಗಾಲ’ದಿಂದ ಹುಟ್ಟಿದ ‘ಗೆಲಾಕ್ಸಿ’ ಎಂಬ ಪದ ಬಹುಕಾಲ ಅಂಕಿತನಾಮವಾಗಿತ್ತು, ಏಕೆಂದರೆ ಇನ್ನೊಂದು ಗೆಲಾಕ್ಸಿ ಇರುವುದು ಖಚಿತವಾಗಿರಲಿಲ್ಲ. ಇತರ ವ್ಯೂಹಗಳೂ ಇರಬಹುದೆಂದು ತತ್ತ್ವಜ್ಞ ಕಾಂಟನು 1755ರಲ್ಲಿಯೇ ಸೂಚಿಸಿದ್ದನು. 1920ರಲ್ಲಿ ಶಾಪ್ಲಿ ಮತ್ತು ಕರ್ಟಿಸ್ ಈ ಬಗ್ಗೆ ವಾದಿಸಿದಾಗಲೂ ತೀರ್ಮಾನವಾಗಲಿಲ್ಲ. 1923ರಲ್ಲಿ ಹಬಲ್ ಎಂಬ ವಿಜ್ಞಾನಿ ಆಂಡ್ರೊಮೀಡ ನೀಹಾರಿಕೆಯಲ್ಲಿ, ನಿಯತಕಾಲದಲ್ಲಿ ಕಾಂತಿ ಏರಿಳಿಯುವ ಸೆಫೀಡ್ ನಕ್ಷತ್ರವೊಂದನ್ನು ಕಂಡನು. ಅಂಥ ನಕ್ಷತ್ರದ ಏರಿಳಿತದ ಅವಧಿಯಿಂದ ಅದರ ನಿಜಕಾಂತಿಯೂ, ಅದರಿಂದ ದೂರವೂ ತಿಳಿಯುತ್ತವೆ. ಲೆಕ್ಕ ಸುಮಾರು 9 ಲಕ್ಷ ಜ್ಯೋತಿರ್ವರ್ಷವೆಂದಿತು. ಇಂದಿನ ಅಳತೆಯಲ್ಲಿ ಅದು ಸುಮಾರು 25 ಲಕ್ಷ. ಹೇಗೆ ನೋಡಿದರೂ ಅದು ನಮ್ಮ ವ್ಯೂಹದ ಹೊರಗಿನದೇ.

ಅಂಕಿತನಾಮವು ರೂಢನಾಮವಾಯಿತು, ಹಾಲಿನ ಹೆಸರು ಕೋಟ್ಯಂತರ ವ್ಯೂಹಗಳಿಗೆ ಹಬ್ಬಿತು. ಇಂಗ್ಲಿಷಿನಲ್ಲಿ ನಮ್ಮದನ್ನು ದೊಡ್ಡಕ್ಷರದಿಂದ ಬರೆದು ಬೇರ್ಪಡಿಸುತ್ತಾರೆ. ನಮ್ಮ ಲಿಪಿಯಲ್ಲಿ ಆ ಭೇದವಿಲ್ಲ. ಆದುದರಿಂದ ಗೆಲಾಕ್ಸಿ ಎಂಬುದನ್ನು ಜಾತಿಗೆ ಬಿಟ್ಟು, ನಮ್ಮದಕ್ಕೆ ಆಕಾಶಗಂಗೆ ಎಂಬ ಹಳೆಯ ಹೆಸರನ್ನೇ ಉಳಿಸಿಕೊಳ್ಳುವುದು ಲೇಸೆಂದು ನನಗೆ ತೋರುತ್ತದೆ.