ಯಕೃತ್ತನ್ನು ವಂಚಿಸುವ ಫ್ಲೋರಿನ್ ರಾಸಾಯನಿಕ
ಅಂಟದ ಬಾಣಲೆಯ ಲೇಪನದ ತಯಾರಿಕೆಯಲ್ಲಿ ದಶಕಗಳ ಕಾಲ ಬಳಕೆಯಾದ ಪಿ.ಎಫ್.ಓ.ಎ. ಎಂಬ ಕೃತಕ ರಾಸಾಯನಿಕವು ರಚನೆಯಲ್ಲಿ ಕೊಬ್ಬಿನಾಮ್ಲವನ್ನು ಹೋಲುತ್ತದೆ. ಯಕೃತ್ತು ಮೋಸಹೋಗುವುದು ಇಲ್ಲಿಯೇ. ಕೊಬ್ಬಿನಾಮ್ಲವನ್ನು ಸಾಗಿಸುವ ಪ್ರೋಟೀನುಗಳು ಇದನ್ನೂ ಹೊರುತ್ತವೆ. ಕೊಬ್ಬಿನ ದಹನವನ್ನು ನಿಯಂತ್ರಿಸುವ ಜೀನುಗಳನ್ನು ಇದು ಪ್ರಚೋದಿಸುತ್ತದೆ. ಆದರೆ ಇದರ ಇಂಗಾಲ–ಫ್ಲೋರಿನ್ ಬಂಧವನ್ನು ದೇಹವು ಮುರಿಯಲಾರದು. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ವರ್ಷಗಳೇ ಬೇಕು.

ಪ್ರಯೋಗಾಲಯದ ಇಲಿಗಳಲ್ಲಿ ಯಕೃತ್ತು ಹಿಗ್ಗಿ, ಕೊಬ್ಬು ಶೇಖರವಾದುದು ಕಂಡುಬಂದಿದೆ. ಇಲಿಗಳ ಯಕೃತ್ತು ಇದಕ್ಕೆ ಹೆಚ್ಚು ಸ್ಪಂದಿಸುವುದರಿಂದ ಆ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಅಮೆರಿಕದ ಒಹಾಯೊ ನದಿ ಕಣಿವೆಯಲ್ಲಿ, ಕುಡಿಯುವ ನೀರು ಕಲುಷಿತಗೊಂಡ ಊರುಗಳ ಸುಮಾರು 69,000 ಜನರನ್ನು 2005–06ರಲ್ಲಿ ಪರೀಕ್ಷಿಸಲಾಯಿತು. ರಕ್ತದಲ್ಲಿ ಈ ರಾಸಾಯನಿಕ ಹೆಚ್ಚಿದ್ದವರಲ್ಲಿ ಕೊಲೆಸ್ಟರಾಲ್ ಸಹ ಹೆಚ್ಚಿತ್ತು.

2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವು ಇದನ್ನು ನಿರ್ಮೂಲನ ಪಟ್ಟಿಗೆ ಸೇರಿಸಿತು. ನೀರನ್ನು ಕುದಿಸುವುದರಿಂದ ಇದು ನಾಶವಾಗದು. ಸಕ್ರಿಯ ಇದ್ದಿಲಿನ ಶೋಧಕವು ತಕ್ಕಮಟ್ಟಿಗೆ ಹಿಡಿದಿಡುತ್ತದೆ.