ಗಾಜಿನ ಜಗುಲಿ: ಮನೆಗೊಂದು ಸನ್‌ರೂಮ್ ಸೇರಿಸುವ ಮುನ್ನ

(ಕೂಟದ ಸಂಕ್ರಾಂತಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಸಾಹಿತ್ಯ ಸಂಗೀತಗಳ ನಡುವೆ ಗಾರೆ, ಮರ, ಗಾಜುಗಳ ವಿಷಯವಾಗಿ ಮಾತನಾಡಲು ನನ್ನನ್ನು ಕರೆದಿದ್ದೀರಿ. ಚಿಕಾಗೋದ ಈ ಪಶ್ಚಿಮ ಉಪನಗರಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಮನೆಯ ಹಿಂಬದಿಯ ಡೆಕ್ಕನ್ನೋ ಪೇಟಿಯೊವನ್ನೋ ಗಾಜಿನಿಂದ ಮುಚ್ಚಿ ಸನ್‌ರೂಮ್ ಮಾಡಿಸುವ ಯೋಚನೆಯಲ್ಲಿದ್ದಾರೆಂಬುದನ್ನು ಬಲ್ಲೆ. ಕಾರಣವೂ ಬಹುಮಟ್ಟಿಗೆ ಒಂದೇ. ಊರಿನಿಂದ ತಂದೆತಾಯಿಯರು ಬಂದು ಆರು ತಿಂಗಳು ಇರುತ್ತಾರೆ. ಅವರಿಗೆ ಕುಳಿತು ಬೀದಿ, ಬಿಸಿಲು, ಗಿಡ ನೋಡಲು ಒಂದು ಜಾಗ ಬೇಕು. ನಮಗೂ ತುಳಸಿಯನ್ನೂ ಕರಿಬೇವನ್ನೂ ಚಳಿಗಾಲ ದಾಟಿಸಬೇಕು.

ಆದರೆ ನಾವು ಮನಸ್ಸಿನಲ್ಲಿಟ್ಟುಕೊಂಡಿರುವ ಜಗುಲಿಗೂ ಇಲ್ಲಿನ ಗಾಜಿನ ಕೋಣೆಗೂ ಹುಟ್ಟಿನಿಂದಲೇ ವಿರೋಧವಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ ತಿಂಗಳ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ತುಸು ಉತ್ತರಕ್ಕೇ ಹೋಗಿರುತ್ತಾನೆ. ಡಿಸೆಂಬರಿನಲ್ಲಿಯೂ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆದ್ದರಿಂದ ನಮ್ಮ ಹಿರಿಯರ ಜಗುಲಿಯ ಕೆಲಸ ಬಿಸಿಲನ್ನು ತಡೆದು ಗಾಳಿಯನ್ನು ಬಿಡುವುದು. ಇಲ್ಲಿ ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ಏರುವುದು ಕೇವಲ 25 ಡಿಗ್ರಿಯಷ್ಟು. ಸನ್‌ರೂಮಿನ ಕೆಲಸ ಗಾಳಿಯನ್ನು ತಡೆದು ಬಿಸಿಲನ್ನು ಬಿಡುವುದು. ಈ ವ್ಯತ್ಯಾಸವನ್ನು ಗಮನಿಸದೆ ಕಟ್ಟಿಸಿದ ಕೋಣೆ ಜುಲೈನಲ್ಲಿ ಒಲೆಯೂ ಜನವರಿಯಲ್ಲಿ ಐಸ್‌ಪೆಟ್ಟಿಗೆಯೂ ಆಗುತ್ತದೆ.

ನಾನು ಮೂವತ್ತು ವರ್ಷ ಸೇತುವೆಗಳ ಲೆಕ್ಕಾಚಾರದಲ್ಲಿ ಕಳೆದ ಸಿವಿಲ್ ಇಂಜಿನಿಯರು. ಹಾಗಾಗಿ ಮುಂದೆ ಹೇಳಲಿರುವ ತಪ್ಪನ್ನು ಮಾಡಿದವನು ನಾನೇ ಎಂದು ಒಪ್ಪಿಕೊಳ್ಳುವುದಕ್ಕೆ ಸಂಕೋಚವಾಗುತ್ತದೆ. 1997ರ ಸೆಪ್ಟೆಂಬರಿನಲ್ಲಿ ನಮ್ಮ ತಾಯಿಯವರು ಮೈಸೂರಿನಿಂದ ಬಂದರು. ಚಳಿ ಹತ್ತಿದ ಮೇಲೆ ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ, “ಏನಪ್ಪಾ, ಈ ಊರಿನಲ್ಲಿ ಯಾರ ಮನೆಗೂ ಜಗುಲಿಯೇ ಇಲ್ಲವೆ?” ಎಂದು ಕೇಳಿದರು. ಆ ವಾರವೇ ಒಂದು ಕಂಪೆನಿಯ ಮಾರಾಟಗಾರರನ್ನು ಕರೆಸಿದೆ. ಅವರು ಡೆಕ್ಕಿನ ಮೇಲೆ ಎರಡು ಬಾರಿ ಕಾಲು ಕುಟ್ಟಿ ನೋಡಿ, “ಇದೇ ಅಡಿಪಾಯ, ಹತ್ತು ದಿನದ ಕೆಲಸ” ಎಂದರು. ಊಟದ ಮೇಜಿನ ಮೇಲೆಯೇ ಸಹಿ ಮಾಡಿದೆ. ಜನವರಿಯಲ್ಲಿ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಫೆಬ್ರವರಿಯಲ್ಲಿ ಮೂಲೆಯ ಗಾಜು ಬಿರುಕು ಬಿಟ್ಟಿತು. ತಾಯಿಯವರು ಶಾಲು ಹೊದ್ದು ಹತ್ತು ನಿಮಿಷ ಅಲ್ಲಿ ಕುಳಿತು ಒಳಗೆ ಬಂದುಬಿಡುತ್ತಿದ್ದರು. ನನಗೆ ಬೇಸರವಾದೀತೆಂದು ಚಳಿಯ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ.

ಆದದ್ದೇನೆಂದು ಆಮೇಲೆ ಅಗೆದು ನೋಡಿದೆ. ಡೆಕ್ಕಿನ ಕಂಬಗಳ ಕೆಳಗಿನ ಕಾಂಕ್ರೀಟು ಎರಡು ಅಡಿ ಆಳಕ್ಕೂ ಇಳಿದಿರಲಿಲ್ಲ. ಚಿಕಾಗೋ ಪ್ರದೇಶದಲ್ಲಿ ಅಡಿಪಾಯವು 42 ಅಂಗುಲ ಇಳಿಯಬೇಕು. ಮಿನೆಸೋಟಾದ ಉತ್ತರಭಾಗದಲ್ಲಿ 60 ಅಂಗುಲ. ಹೆಪ್ಪುಗಟ್ಟುವ ಮಣ್ಣು ಕೆಳಗಿನ ತೇವವನ್ನು ಮೇಲಕ್ಕೆಳೆದುಕೊಂಡು ಪದರಪದರವಾಗಿ ಮಂಜುಗಡ್ಡೆಯನ್ನು ಬೆಳೆಸುತ್ತದೆ. ಆ ಪದರಗಳು ಕಂಬವನ್ನು ಎತ್ತುತ್ತವೆ. ವಸಂತದಲ್ಲಿ ಕರಗಿ ಇಳಿಸುತ್ತವೆ. ತೆರೆದ ಡೆಕ್ಕು ಅರ್ಧ ಅಂಗುಲ ಎದ್ದಿಳಿದರೆ ಯಾರಿಗೂ ತಿಳಿಯುವುದಿಲ್ಲ. ಮೇಲೆ ಗಾಜು ನಿಲ್ಲಿಸಿದರೆ ಆ ಅರ್ಧ ಅಂಗುಲವೇ ಸಾಕು.

ಭಾರದ ಲೆಕ್ಕವೂ ಇದೆ. ಡೆಕ್ಕನ್ನು ಸಾಮಾನ್ಯವಾಗಿ ಚದರ ಅಡಿಗೆ 40 ಪೌಂಡು ಜನಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ಅದರ ಮೇಲೆ 12 ಅಡಿಗೆ 16 ಅಡಿಯ ಕೋಣೆ ಕಟ್ಟಿದಾಗ ಜನಭಾರ ಹಾಗೆಯೇ ಉಳಿಯುತ್ತದೆ. ಜೊತೆಗೆ ಗೋಡೆ, ಗಾಜು, ಮಾಡು ಸೇರುತ್ತವೆ. ಮಾಡಿನ ಮೇಲೆ ಹಿಮ ಬೀಳುತ್ತದೆ. ಚದರ ಅಡಿಗೆ 20 ಪೌಂಡೆಂದು ಹಿಡಿದರೂ 192 ಚದರ ಅಡಿಗೆ ಹೆಚ್ಚುಕಡಿಮೆ ಎರಡು ಟನ್ ಹಿಮ! ಮನೆಯ ಮೇಲಂತಸ್ತಿನ ಮಾಡಿನಿಂದ ಜಾರಿ ಬೀಳುವುದೂ, ಗಾಳಿ ತಂದು ಗೋಡೆಯ ಬುಡದಲ್ಲಿ ಒಟ್ಟುವುದೂ ಇದರ ಮೇಲಿನ ಲೆಕ್ಕ. ಡೆಕ್ಕನ್ನು ಮನೆಯ ಗೋಡೆಗೆ ಸೇರಿಸುವ ಲೆಡ್ಜರ್ ಎಂಬ ಹಲಗೆಯನ್ನು ಬೋಲ್ಟು ಅಥವಾ ದಪ್ಪ ತಿರುಪುಗಳಿಂದ ಬಿಗಿದಿರಬೇಕು. ಹಳೆಯ ಮನೆಗಳಲ್ಲಿ ಬರೀ ಮೊಳೆ ಹೊಡೆದಿರುವುದುಂಟು. ಡೆಕ್ಕುಗಳು ಕುಸಿದು ಜನ ಗಾಯಗೊಂಡ ಪ್ರಕರಣಗಳಲ್ಲಿ ಈ ಹಲಗೆ ಕಿತ್ತುಬಂದದ್ದು ಮತ್ತೆ ಮತ್ತೆ ಕಾಣುತ್ತದೆ.

ಹಾಗಾದರೆ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು? ಬೆಲೆಯಲ್ಲ, ಬಣ್ಣವಲ್ಲ. ಈ ಕೋಣೆಯಲ್ಲಿ ಯಾವ ಯಾವ ತಿಂಗಳು ಕುಳಿತುಕೊಳ್ಳುತ್ತೀರಿ? ಅಡಿಪಾಯ ಹೇಗೂ ಗಟ್ಟಿಯಿರಬೇಕು. ಉಳಿದುದೆಲ್ಲ ಈ ಉತ್ತರವನ್ನು ಅವಲಂಬಿಸಿದೆ. ಸೊಳ್ಳೆಪರದೆಯ ಕೋಣೆ ಬೇಸಿಗೆಯದು. ಮೂರು ಋತುವಿನ ಕೋಣೆ ಏಪ್ರಿಲಿನಿಂದ ಅಕ್ಟೋಬರಿನವರೆಗಿನದು. ಅದಕ್ಕೆ ಶಾಖದ ಏರ್ಪಾಡಿರುವುದಿಲ್ಲ. ನಾಲ್ಕು ಋತುವಿನ ಕೋಣೆ ಮನೆಯಂತೆಯೇ ಮನೆ; ಅದರ ವೆಚ್ಚವೂ ಹಾಗೆಯೇ. ಮೂರು ಋತುವಿನದನ್ನು ಕೊಂಡು ನಾಲ್ಕನೆಯದನ್ನು ಬಯಸುವುದೇ ನಮ್ಮವರ ಸಾಮಾನ್ಯ ದುರಾಸೆ. ನನ್ನದೂ ಅದೇ ಆಗಿತ್ತು. ಒಂದು ವಿಷಯ ಮಾತ್ರ ಮರೆಯಬೇಡಿ: ಶಾಖವಿಲ್ಲದ ಕೋಣೆಯಲ್ಲಿ ತುಳಸಿ ಉಳಿಯುವುದಿಲ್ಲ. ಐವತ್ತು ಡಿಗ್ರಿ ಫ್ಯಾರನ್‌ಹೀಟಿನ ಕೆಳಗೆ ಅದು ಸೊರಗತೊಡಗುತ್ತದೆ. ಒಂದೇ ರಾತ್ರಿಯ ಹಿಮಕ್ಕೆ ಕಪ್ಪಾಗುತ್ತದೆ. ಕರಿಬೇವು ಎಲೆಯುದುರಿಸಿ ಸುಮ್ಮನಾಗುತ್ತದೆ.

ಗಾಜಿನ ಮಾತಿಗೆ ಬರೋಣ. ಗಾಜಿನ ಪಟ್ಟಿಯ ಮೇಲೆ ಯು-ಫ್ಯಾಕ್ಟರ್ ಎಂಬ ಸಂಖ್ಯೆ ಬರೆದಿರುತ್ತದೆ. ಒಂದು ಚದರ ಅಡಿ ಗಾಜಿನ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿರುವಾಗ, ಗಂಟೆಗೆ ಎಷ್ಟು ಬಿ.ಟಿ.ಯು. ಶಾಖ ಸೋರುತ್ತದೆಂಬುದು ಅದರ ಅರ್ಥ. ಒಂಟಿ ಗಾಜಿಗೆ ಅದು ಸುಮಾರು 1. ಜೋಡಿ ಗಾಜಿಗೆ ಸುಮಾರು 0.5, ಲೋ-ಇ ಲೇಪವೂ ನಡುವೆ ಆರ್ಗಾನ್ ಅನಿಲವೂ ಇರುವ ಜೋಡಿ ಗಾಜಿಗೆ ಸುಮಾರು 0.3. ಹೊರಗೆ ಸೊನ್ನೆ ಡಿಗ್ರಿ, ಒಳಗೆ 70 ಡಿಗ್ರಿ ಇರುವ ರಾತ್ರಿಯನ್ನು ಊಹಿಸಿ. ಇನ್ನೂರು ಚದರ ಅಡಿ ಒಂಟಿ ಗಾಜಿನಿಂದ ಗಂಟೆಗೆ 14,000 ಬಿ.ಟಿ.ಯು. ಹೊರಟುಹೋಗುತ್ತದೆ, ಲೋ-ಇ ಗಾಜಿನಿಂದ 4,200. ಅಂಗಡಿಯಲ್ಲಿ ಸಿಗುವ 1,500 ವಾಟಿನ ವಿದ್ಯುತ್ ಹೀಟರ್ ಕೊಡುವುದು 5,100ರಷ್ಟು. ಅಂದರೆ ಮೊದಲನೆಯದಕ್ಕೆ ಸುಮಾರು ಮೂರು ಹೀಟರುಗಳು, ಎರಡನೆಯದಕ್ಕೆ ಒಂದು. ಅದೂ ಗಾಜಿನ ನಷ್ಟಕ್ಕೆ ಮಾತ್ರ. ಮಾಡು, ನೆಲ, ಸಂದುಗಳ ಗಾಳಿ ಬೇರೆ. ಇಂತಹ ಲೋ-ಇ ಗಾಜು ಕೂಡ ಶಾಖನಿರೋಧಕ ತುಂಬಿದ ಸಾಮಾನ್ಯ ಗೋಡೆಗಿಂತ ಮೂರು ನಾಲ್ಕು ಪಟ್ಟು ಶಾಖವನ್ನು ಸೋರಿಸುತ್ತದೆ.

ಬೇಸಿಗೆಯಲ್ಲಿ ತೊಂದರೆ ಬೇರೆ ದಿಕ್ಕಿನದು. ಜೂನಿನಲ್ಲಿ ಇಲ್ಲಿನ ನಡುಹಗಲಿನ ಸೂರ್ಯ 72 ಡಿಗ್ರಿಯಷ್ಟು ಏರುವುದರಿಂದ ದಕ್ಷಿಣದ ಗಾಜಿಗೆ ಎರಡಡಿ ಸೂರು ಚಾಚಿದರೆ ಬಹಳಷ್ಟು ಬಿಸಿಲು ನಿಲ್ಲುತ್ತದೆ. ಚಳಿಗಾಲದ ಓರೆ ಬಿಸಿಲು ಅದೇ ಸೂರಿನ ಕೆಳಗಿನಿಂದ ಒಳಗೆ ಬರುತ್ತದೆ. ಪಶ್ಚಿಮಕ್ಕೆ ಈ ಉಪಾಯ ನಡೆಯದು. ಇಳಿಹೊತ್ತಿನ ಸೂರ್ಯ ನೇರವಾಗಿ ಮುಖಕ್ಕೇ ಬರುತ್ತಾನೆ. ಹೊರಗಿನ ಪರದೆ ಅಥವಾ ಎಲೆಯುದುರುವ ಜಾತಿಯ ಮರವೇ ಗತಿ. ಗಾಜಿನ ಮಾಡನ್ನು ಬೇಡವೆಂದೇ ಹೇಳುತ್ತೇನೆ. ಜಾಹೀರಾತಿನ ಚಿತ್ರದಲ್ಲಿ ಅದು ಲಾಲ್‌ಬಾಗಿನ ಗಾಜಿನ ಮನೆಯನ್ನು ನೆನಪಿಸಿ ಮನಸೆಳೆಯುತ್ತದೆ, ನಿಜ. ಆದರೆ ಬಿಸಿಲು ಬೇಡವಾದ ಜೂನಿನಲ್ಲಿ ಅದು ಎಲ್ಲವನ್ನೂ ಒಳಗೆ ಬಿಡುತ್ತದೆ. ಶಾಖ ಬೇಕಾದ ಜನವರಿಯ ರಾತ್ರಿ ಎಲ್ಲವನ್ನೂ ಆಕಾಶಕ್ಕೆ ಒಪ್ಪಿಸುತ್ತದೆ.

ಮನೆಯ ಫರ್ನೇಸಿನ ಕೊಳವೆಯನ್ನೇ ಈ ಕೋಣೆಗೂ ಎಳೆಸುವುದು ಅಗ್ಗವೆನಿಸುತ್ತದೆ. ಥರ್ಮೋಸ್ಟಾಟ್ ಇರುವುದು ಒಳಗಿನ ಹಜಾರದಲ್ಲಿ. ಗಾಜಿನ ಕೋಣೆಯ ಚಳಿ ಸೆಕೆಗಳು ಅದಕ್ಕೆ ತಿಳಿಯವು. ಪ್ರತ್ಯೇಕವಾದ ಸಣ್ಣ ಹೀಟ್ ಪಂಪ್ ಹಾಕಿಸಿ, ಮನೆಗೂ ಕೋಣೆಗೂ ನಡುವಿನ ಹೊರಬಾಗಿಲನ್ನು ಹಾಗೆಯೇ ಉಳಿಸಿಕೊಳ್ಳುವುದು ಮೇಲು. ಒಗ್ಗರಣೆಯ ಆವಿ ತಣ್ಣನೆಯ ಗಾಜಿನ ಮೇಲೆ ನೀರಾಗಿ ಇಳಿಯುವುದೂ ಇದರಿಂದ ತಪ್ಪುತ್ತದೆ.

ಈಗ ಹೇಳುವುದು ಪ್ರಾಣಕ್ಕೆ ಸಂಬಂಧಿಸಿದ್ದು. ಕೋಣೆ ಬರಲಿರುವ ಗೋಡೆಯ ಹೊರಮೈಯನ್ನು ಒಮ್ಮೆ ನಿಧಾನವಾಗಿ ನೋಡಿ. ಅಲ್ಲಿ ಫರ್ನೇಸಿನ ಅಥವಾ ನೀರು ಕಾಯಿಸುವ ಯಂತ್ರದ ಹೊಗೆ ಬಿಡುವ ಬಿಳಿಯ ಪ್ಲಾಸ್ಟಿಕ್ ಕೊಳವೆ ಇದೆಯೇ? ಅದನ್ನು ಒಳಗಿಟ್ಟು ಕೋಣೆ ಕಟ್ಟಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ನಿಮ್ಮ ಹಿರಿಯರು ಕುಳಿತಲ್ಲಿಯೇ ತುಂಬುತ್ತದೆ. ಗ್ಯಾಸ್ ಮೀಟರ್ ಇದ್ದರೆ ಅದನ್ನೂ ಸ್ಥಳಾಂತರಿಸಬೇಕು. ಮಲಗುವ ಕೋಣೆಯ ಅಥವಾ ನೆಲಮಾಳಿಗೆಯ ಕಿಟಕಿ ಅದೇ ಗೋಡೆಯಲ್ಲಿದ್ದರೆ, ಬೆಂಕಿ ಬಿದ್ದಾಗ ಹೊರಕ್ಕೆ ಹಾರುವ ದಾರಿಯನ್ನು ನೀವೇ ಮುಚ್ಚಿದಂತಾಗುತ್ತದೆ. ನೆಲಕ್ಕೆ ಸಮೀಪದ ಗಾಜುಗಳು ಟೆಂಪರ್ಡ್ ಗಾಜಾಗಿರಲಿ. ಮಕ್ಕಳು ಓಡಿ ಬಂದು ಬಡಿದಾಗ ಅದು ಚೂರಿಯಂತೆ ಸೀಳದೆ ಸಣ್ಣ ಹರಳುಗಳಾಗಿ ಉದುರುತ್ತದೆ.

ಇವನ್ನೆಲ್ಲ ನೋಡುವುದಕ್ಕೆಂದೇ ಪರ್ಮಿಟ್ ಇರುವುದು. “ಪರ್ಮಿಟ್ ತೆಗೆದರೆ ತೆರಿಗೆ ಏರುತ್ತದೆ” ಎಂದು ಪಿಸುಗುಟ್ಟುವ ಕಾಂಟ್ರಾಕ್ಟರನ್ನು ಬಾಗಿಲಿನಿಂದಲೇ ಬೀಳ್ಕೊಡಿ. ಇಲಿನಾಯ್ ರಾಜ್ಯದಲ್ಲಿ ನೀವು ವಾಸಿಸುವ ಮನೆಗೆ ಮಾಡಿದ ಸುಧಾರಣೆಯಿಂದ ಏರುವ ಮೌಲ್ಯಕ್ಕೆ 75,000 ಡಾಲರಿನವರೆಗೆ ನಾಲ್ಕು ವರ್ಷಗಳ ತೆರಿಗೆ ವಿನಾಯಿತಿಯೇ ಉಂಟು. ಹೋಮ್ ಓನರ್ಸ್ ಅಸೋಸಿಯೇಷನ್ ಇದ್ದರೆ ಅದರ ಒಪ್ಪಿಗೆ ಬೇರೆಯಾಗಿ ಬೇಕು. ಅಗೆಯುವ ಮುನ್ನ 811ಕ್ಕೆ ಫೋನ್ ಮಾಡಿದರೆ ನೆಲದಡಿಯ ತಂತಿ ಕೊಳವೆಗಳನ್ನು ಬಣ್ಣದಿಂದ ಗುರುತಿಸಿ ಹೋಗುತ್ತಾರೆ.

ಕರಾರಿನ ವಿಷಯದಲ್ಲಿ ನನ್ನಂತೆ ಅವಸರಪಡಬೇಡಿ. ಈ ರಾಜ್ಯದಲ್ಲಿ ಸಾವಿರ ಡಾಲರಿಗೆ ಮೀರಿದ ಮನೆಗೆಲಸಕ್ಕೆ ಲಿಖಿತ ಕರಾರು ಕಡ್ಡಾಯ. ಮನೆಗೇ ಬಂದು ಮಾರಿದವರ ಕರಾರನ್ನು ಕೇಂದ್ರ ಸರ್ಕಾರದ ನಿಯಮದಂತೆ ಸಾಮಾನ್ಯವಾಗಿ ಮೂರು ವ್ಯವಹಾರದ ದಿನಗಳೊಳಗೆ ರದ್ದುಮಾಡಬಹುದು. ಹಣ ಕೊಡುವ ಮುನ್ನ, ಯಾರು ಯಾರಿಗೆ ಎಷ್ಟು ಬಾಕಿ ಇದೆಯೆಂದು ಪ್ರಮಾಣ ಮಾಡಿದ ಪಟ್ಟಿಯನ್ನು ಕಾಂಟ್ರಾಕ್ಟರಿಂದ ಪಡೆಯಿರಿ. ಅವರು ಮರದಂಗಡಿಗೆ ಹಣ ಕಟ್ಟದಿದ್ದರೆ ಅಂಗಡಿಯವರು ನಿಮ್ಮ ಮನೆಯ ಮೇಲೆಯೇ ಹಕ್ಕು ಹೂಡಬಹುದು. ನೀವು ಪೂರ್ತಿ ಹಣ ಕೊಟ್ಟಿದ್ದೀರೆಂಬುದು ಅವರಿಗೆ ಸಮಾಧಾನವಲ್ಲ.

ನಮ್ಮ ಮನೆಯ ಆ ಕೋಣೆಯನ್ನು 2000ದಲ್ಲಿ ಕಳಚಿಸಿ, 42 ಅಂಗುಲ ಅಗೆಸಿ, ದಕ್ಷಿಣಕ್ಕೆ ಗಾಜಿಟ್ಟು ಮತ್ತೆ ಕಟ್ಟಿಸಿದೆವು. ಅಷ್ಟರಲ್ಲಿ ತಾಯಿಯವರಿಗೆ ಮಂಡಿನೋವು ಹೆಚ್ಚಾಗಿ ವಿಮಾನಪ್ರಯಾಣ ಸಾಧ್ಯವಾಗಲಿಲ್ಲ. ಫೋಟೋ ಕಳುಹಿಸಿದೆವು. ಅವರು ಫೋನಿನಲ್ಲಿ, ಸಂಡಿಗೆ ಒಣಗುತ್ತದೆಯೇ ಎಂದು ವಿಚಾರಿಸಿದರು. ಒಣಗುತ್ತದೆ, ಮಾರ್ಚಿನಲ್ಲಿಯೂ ಒಣಗುತ್ತದೆ.

ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರು ಬಂದು ಕೊನೆಯ ತಪಾಸಣೆಯ ಒಪ್ಪಿಗೆ ಬರೆದುಕೊಡುವ ತನಕ ಕೊನೆಯ ಕಂತನ್ನು ಕೊಡದೆ ಉಳಿಸಿಕೊಳ್ಳುವಂತೆ ಕರಾರಿನಲ್ಲಿಯೇ ಬರೆಸಿ. ಆ ಒಪ್ಪಿಗೆಯ ಕಾಗದವನ್ನು ಮನೆಯ ಪತ್ರಗಳೊಡನೆ ಜೋಪಾನವಾಗಿಡಿ. ಮನೆ ಮಾರುವಾಗ ಕೊಳ್ಳುವವರ ವಕೀಲರು ಅದನ್ನು ಕೇಳಬಹುದು.