ನಿಮಗಿದು ಗೊತ್ತೇ? ಬಾನಿನಲ್ಲಿ ಕೂದಲೆಳೆಯ ಅಂತರ

ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ ನಮ್ಮ ತಲೆಯ ಮೇಲಿನ ಬಾನು ಖಾಲಿಯಾಗಿಲ್ಲ. ಬಡಗಿಗೆ ಮಂಗಳೂರಿನ ಬಜ್ಪೆ, ತೆಂಕಿಗೆ 2018ರ ಡಿಸೆಂಬರ್ 9ರಂದು ಶುರುವಾದ ಕಣ್ಣೂರು ವಿಮಾನ ನಿಲ್ದಾಣ. ಜಿಲ್ಲೆಯ ಗಡಿ ದಾಟಿದರೆ ಏಳಿಮಲದಲ್ಲಿ ನೌಕಾಪಡೆಯ ಅಕಾಡೆಮಿ, ಇದೇ ಕರಾವಳಿಯಲ್ಲಿ ಗೋವಾ ಮತ್ತು ಕೊಚ್ಚಿಯಲ್ಲಿ ನೌಕಾಪಡೆಯ ವಿಮಾನ ನೆಲೆಗಳು. ಕೇಂದ್ರೀಯ ವಿಶ್ವವಿದ್ಯಾಲಯವಿರುವ ಪೆರಿಯದಲ್ಲಿ ಸಣ್ಣ ವಿಮಾನಗಳಿಗೆಂದು ಏರ್‌ಸ್ಟ್ರಿಪ್ ಮಾಡುವ ಪ್ರಸ್ತಾವವೂ ವರ್ಷಗಳಿಂದ ಇದೆ. ಸಣ್ಣ ವಿಮಾನ ಮತ್ತು ಮಿಲಿಟರಿ ವಿಮಾನ ಒಂದೇ ಬಾನನ್ನು ಹಂಚಿಕೊಂಡ ಕಡೆಗಳಲ್ಲಿ ಏನೇನು ನಡೆದಿದೆ ಎಂಬುದನ್ನು ಈಗಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಸಣ್ಣ ತರಬೇತಿ ವಿಮಾನದ ವೇಗ ಗಂಟೆಗೆ 180 ಕಿ.ಮೀ., ಯುದ್ಧ ವಿಮಾನದ್ದು 720 ಎಂದಿಟ್ಟುಕೊಳ್ಳಿ. ಎರಡೂ ಎದುರುಬದುರಾಗಿ ಬಂದರೆ ನಡುವಿನ ಅಂತರ ಸೆಕೆಂಡಿಗೆ 250 ಮೀಟರ್‌ನಂತೆ ಕರಗುತ್ತದೆ. ಕಣ್ಣಿಗೆ ಬಿದ್ದದ್ದು ವಿಮಾನವೆಂದು ಗುರುತಿಸಿ, ಡಿಕ್ಕಿಯಾಗುತ್ತದೆ ಎಂದು ಅರಿತು, ಯಾವ ಕಡೆ ತಿರುಗಬೇಕೆಂದು ತೀರ್ಮಾನಿಸಿ, ಕೈ ಆಡಿಸಿ, ವಿಮಾನ ನಿಜಕ್ಕೂ ಹೊರಳುವುದಕ್ಕೆ ಒಟ್ಟು 12.5 ಸೆಕೆಂಡು ಬೇಕೆಂಬುದು ಅಮೆರಿಕದ ವಿಮಾನಯಾನ ಆಡಳಿತದ ಲೆಕ್ಕ. ಅಷ್ಟರಲ್ಲಿ ಮೂರು ಕಿಲೋಮೀಟರಿಗಿಂತ ಹೆಚ್ಚು ದೂರ ಮುಗಿದಿರುತ್ತದೆ. ಮೂರು ಕಿಲೋಮೀಟರ್ ಆಚೆ, ಮೂತಿ ನಮ್ಮ ಕಡೆಗಿರುವ ಯುದ್ಧ ವಿಮಾನ ಬರೀ ಒಂದು ಚುಕ್ಕೆ.

ಆ ಚುಕ್ಕೆಯಲ್ಲಿ ಇನ್ನೊಂದು ಮೋಸವಿದೆ. ನಮ್ಮ ದಾರಿಗೆ ಅಡ್ಡ ಹಾದು ಹೋಗುವ ವಿಮಾನ ಗಾಜಿನಲ್ಲಿ ಜರುಗುತ್ತಾ ಕಾಣುತ್ತದೆ, ಕಣ್ಣು ಅದನ್ನು ಬೇಗ ಹಿಡಿಯುತ್ತದೆ. ಡಿಕ್ಕಿ ಹೊಡೆಯಲಿರುವ ವಿಮಾನ ಮಾತ್ರ ಗಾಜಿನ ಮೇಲೆ ಒಂದೇ ಕಡೆ ಅಲುಗಾಡದೆ ನಿಂತಿರುತ್ತದೆ. ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ಅದು ಕಿಟಕಿಯ ಚೌಕಟ್ಟಿನ ಹಿಂದೆ ಮರೆಯಾಗಿದ್ದರೆ, ಪೈಲಟ್ ತಲೆ ಸರಿಸಿ ನೋಡುವವರೆಗೆ ಮರೆಯಲ್ಲೇ ಇರುತ್ತದೆ.

ಈ ಲೆಕ್ಕ ಪುಸ್ತಕದಲ್ಲಿ ಉಳಿಯದೆ ನಿಜವಾದದ್ದು 2015ರ ಜುಲೈ 7ರಂದು, ಅಮೆರಿಕದ ದಕ್ಷಿಣ ಕೆರೊಲಿನಾದ ಮಾಂಕ್ಸ್ ಕಾರ್ನರ್ ಎಂಬಲ್ಲಿ. ಇಬ್ಬರಿದ್ದ ಸೆಸ್ನಾ 150 ಎಂಬ ಸಣ್ಣ ವಿಮಾನ ಹತ್ತಿರದ ಸಣ್ಣ ನಿಲ್ದಾಣದಿಂದ ಏರಿ ಇನ್ನೂ ಸುಮಾರು 1,500 ಅಡಿ ಎತ್ತರದಲ್ಲಿತ್ತು. ಎಫ್-16 ಯುದ್ಧ ವಿಮಾನವೊಂದು ಚಾರ್ಲ್ಸ್‌ಟನ್ ವಿಮಾನ ನಿಲ್ದಾಣಕ್ಕೆ ಇಳಿಯುವ ಅಭ್ಯಾಸ ನಡೆಸಿತ್ತು. ರೇಡಾರ್ ಪರದೆಯ ಮುಂದಿದ್ದ ನಿಯಂತ್ರಕರಿಗೆ ಎರಡೂ ಕಾಣುತ್ತಿದ್ದವು. ಸೆಸ್ನಾದ ಟ್ರಾನ್ಸ್‌ಪಾಂಡರ್, ಅಂದರೆ ರೇಡಾರಿನ ಪ್ರಶ್ನೆಗೆ ತಾನಾಗಿ ಉತ್ತರಿಸುವ ಉಪಕರಣ, ಕೆಲಸ ಮಾಡುತ್ತಿತ್ತು, ಆದರೆ ಅದರ ಪೈಲಟ್ ಆ ನಿಯಂತ್ರಕರ ಜೊತೆ ರೇಡಿಯೊ ಸಂಪರ್ಕದಲ್ಲಿರಲಿಲ್ಲ. ಎಫ್-16ಕ್ಕೆ ಬಂದ ಸೂಚನೆಯಲ್ಲಿ ಒಂದು ಷರತ್ತಿತ್ತು: ಆ ವಿಮಾನ ಕಣ್ಣಿಗೆ ಕಾಣದಿದ್ದರೆ ಎಡಕ್ಕೆ ತಿರುಗಿ ಎಂದು. ಪೈಲಟ್ ಹುಡುಕಿದರು, ಕಾಣಲಿಲ್ಲ. ಕೂಡಲೇ ತಿರುಗಿ ಎಂದು ಮತ್ತೆ ಹೇಳುವಷ್ಟರಲ್ಲಿ ಹೊತ್ತು ಮೀರಿತ್ತು. ಎಫ್-16ರ ಪೈಲಟ್ ಪ್ಯಾರಾಶೂಟ್‌ನಲ್ಲಿ ಹಾರಿ ಬದುಕಿದರು, ಸೆಸ್ನಾದಲ್ಲಿದ್ದ ಇಬ್ಬರೂ ತೀರಿಕೊಂಡರು. ಡಿಕ್ಕಿ ತಪ್ಪಿಸಲು ತಕ್ಕ ಸೂಚನೆ ಕೊಡದೇ ಹೋದದ್ದು ಕಾರಣವೆಂದ ತನಿಖೆ, ಕಣ್ಣಿನಿಂದ ನೋಡಿ ತಪ್ಪಿಸಿಕೊಳ್ಳುವ ಪದ್ಧತಿಗೇ ಮಿತಿಯಿದೆ ಎಂಬುದನ್ನೂ ದಾಖಲಿಸಿತು. ಅಲ್ಲಿ ಬೇಕಿದ್ದದ್ದು ಷರತ್ತಿಲ್ಲದ ಒಂದು ವಾಕ್ಯ. ಈ ಪ್ರಕರಣ ಇಷ್ಟು ಕಾಡುವುದು ಅದಕ್ಕೇ.

ಅಮೆರಿಕದಲ್ಲಿ ಎರಡು ವಿಮಾನಗಳು 500 ಅಡಿಗಿಂತ ಹತ್ತಿರ ಬಂದರೆ ಅದನ್ನು ಡಿಕ್ಕಿಯಿಂದ ಸ್ವಲ್ಪದರಲ್ಲಿ ಪಾರಾದ ಪ್ರಕರಣವೆಂದು ಬರೆದಿಡುತ್ತಾರೆ. 500 ಅಡಿ ಎಂದರೆ ಸುಮಾರು 150 ಮೀಟರ್. ಮೇಲಿನ ವೇಗದಲ್ಲಿ ಇದು ಒಂದು ಸೆಕೆಂಡಿನ ಮಾತೂ ಅಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಸಣ್ಣ ವಿಮಾನವೂ ಮಿಲಿಟರಿ ವಿಮಾನವೂ ಮಗ್ಗುಲಲ್ಲೇ ಹಾರುವ ಜಾಗವೆಂದರೆ ಬೆಂಗಳೂರು. ತೆಂಕಿನಲ್ಲಿ ಎಚ್‌ಎಎಲ್ ನಿಲ್ದಾಣ, ನಡುವೆ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಜಕ್ಕೂರು, ಅದರಾಚೆ ವಾಯುಪಡೆಯ ಯಲಹಂಕ, ಬಡಗಿನಲ್ಲಿ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. ನಾಲ್ಕೂ ಸುಮಾರು 30 ಕಿ.ಮೀ. ಒಳಗೆ, ಅಂದರೆ ಕಾಸರಗೋಡಿನಿಂದ ಮಂಜೇಶ್ವರಕ್ಕೆ ಹೋಗುವಷ್ಟೇ ದೂರದಲ್ಲಿ. ಜಕ್ಕೂರಿನಲ್ಲಿ ಮೊದಲ ಪಾಠ ಕಲಿಯುವ ಹುಡುಗ ಹುಡುಗಿಯರಿಗೂ ಯಲಹಂಕದ ವಾಯುಪಡೆಯ ವಿಮಾನಗಳಿಗೂ ನಡುವೆ ಇರುವುದು ಏಳು ಕಿಲೋಮೀಟರಿಗಿಂತ ಕಡಿಮೆ. ಯಾರು ಯಾವ ಎತ್ತರದಲ್ಲಿ, ಯಾವ ಹೊತ್ತಿನಲ್ಲಿ ಹಾರಬೇಕೆಂಬ ಶಿಸ್ತು ಇರುವುದರಿಂದಲೇ ಅಲ್ಲಿ ದಿನದ ಕೆಲಸ ನಡೆಯುತ್ತಿದೆ.

1996ರಿಂದ ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುತ್ತಿದೆ. ಆ ದಿನಗಳಲ್ಲಿ ಯುದ್ಧ ವಿಮಾನಗಳ ಪ್ರದರ್ಶನದ ಹೊತ್ತಿಗೆ ದೇವನಹಳ್ಳಿಯ ಪ್ರಯಾಣಿಕ ವಿಮಾನಗಳ ಓಡಾಟವನ್ನೂ ತಡೆಯುತ್ತಾರೆ. ಯಾವ ಬಾನು ಯಾವ ಹೊತ್ತಿಗೆ ಮುಚ್ಚಿದೆ ಎಂದು ಪೈಲಟ್‌ಗಳಿಗೆ ಮೊದಲೇ ತಿಳಿಸುವ ಪ್ರಕಟಣೆಗೆ ನೋಟಾಮ್ ಎನ್ನುತ್ತಾರೆ. ವಿಮಾನಗಳಿಗೆ ಹದ್ದುಗಳು ಅಡ್ಡ ಬಾರದಿರಲೆಂದು 2025ರ ಪ್ರದರ್ಶನದ ಹೊತ್ತಿಗೆ ಯಲಹಂಕದ ಸುತ್ತ 13 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನೇ ನಿಲ್ಲಿಸಿದ್ದರು.

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆಯೂ 2019ರ ಫೆಬ್ರವರಿ 19ರಂದು, ಪ್ರದರ್ಶನಕ್ಕೆ ಒಂದು ದಿನ ಮೊದಲು, ಅಭ್ಯಾಸದಲ್ಲಿದ್ದ ವಾಯುಪಡೆಯ ಸೂರ್ಯಕಿರಣ ಕಸರತ್ತು ತಂಡದ ಎರಡು ಹಾಕ್ ವಿಮಾನಗಳು ಯಲಹಂಕದ ಬಾನಿನಲ್ಲಿ ಡಿಕ್ಕಿಯಾದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು, ಇನ್ನಿಬ್ಬರು ಪೈಲಟ್‌ಗಳು ಹೊರಹಾರಿ ಬದುಕಿದರು. ಸೂರ್ಯಕಿರಣ ಹುಟ್ಟಿದ್ದೂ ಕರ್ನಾಟಕದಲ್ಲೇ, 1996ರಲ್ಲಿ, ಬೀದರಿನಲ್ಲಿ.

2023ರ ಜನವರಿ 28. ಗ್ವಾಲಿಯರ್‌ನಿಂದ ಎದ್ದ ಸುಖೋಯ್-30 ಮತ್ತು ಮಿರಾಜ್-2000 ಮೊರೆನಾದ ಮೇಲೆ ಡಿಕ್ಕಿಯಾದವು. ಅವಶೇಷಗಳು ಮಧ್ಯಪ್ರದೇಶದಲ್ಲಿ ಮಾತ್ರವಲ್ಲ, ಪಕ್ಕದ ರಾಜಸ್ಥಾನದ ಭರತ್‌ಪುರದಲ್ಲೂ ಬಿದ್ದಿದ್ದವು. ಸುಖೋಯ್‌ನ ಇಬ್ಬರು ಪಾರಾದರು. ಮಿರಾಜ್‌ನಲ್ಲಿ ಒಬ್ಬರೇ ಇದ್ದ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಹಿಂದಿರುಗಲಿಲ್ಲ. ಅವರು ನಮ್ಮ ಬೆಳಗಾವಿಯ ಗಣೇಶಪುರದವರು.

ಗೋವಾದ ದಾಬೋಲಿಂನಲ್ಲಿ ಪ್ರಯಾಣಿಕರ ವಿಮಾನಗಳು ಇಳಿಯುವುದು ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯ ರನ್‌ವೇ ಮೇಲೆಯೇ. 2002ರ ಅಕ್ಟೋಬರ್ 1ರಂದು ಅಲ್ಲಿ ನೌಕಾಪಡೆಯದೇ ಎರಡು ಐಎಲ್-38 ವಿಮಾನಗಳು ಡಿಕ್ಕಿಯಾಗಿ, ಅವುಗಳಲ್ಲಿದ್ದ 12 ಮಂದಿಯೂ ನೆಲದ ಮೇಲಿದ್ದ ಕೆಲವರೂ ಸತ್ತರು. ಒಂದು ಸ್ಕ್ವಾಡ್ರನ್ನಿನ 25ನೇ ವರ್ಷದ ಸಂಭ್ರಮದ ಹಾರಾಟವಾಗಿತ್ತು ಅದು.

ಜಗತ್ತಿನಲ್ಲಿ ಇದುವರೆಗಿನ ಅತಿ ಘೋರ ವಾಯು ಡಿಕ್ಕಿ ನಡೆದದ್ದು ಭಾರತದಲ್ಲಿ ಎಂಬುದು ಅನೇಕರಿಗೆ ಗೊತ್ತಿಲ್ಲ. 1996ರ ನವೆಂಬರ್ 12ರ ಸಂಜೆ, ಹರಿಯಾಣದ ಚರ್ಖಿ ದಾದ್ರಿ. ದೆಹಲಿಯಿಂದ ಏರುತ್ತಿದ್ದ ಸೌದಿಯ ಬೋಯಿಂಗ್ 747, ಇಳಿಯುತ್ತಿದ್ದ ಕಜಕಿಸ್ತಾನದ ಇಲ್ಯೂಷಿನ್-76. ಸತ್ತವರು 349, ಬದುಕಿದವರು ಯಾರೂ ಇಲ್ಲ. ಕಜಕ್ ವಿಮಾನಕ್ಕೆ 15,000 ಅಡಿಯಲ್ಲಿ ಇರಲು ಹೇಳಿದ್ದರು, ಅದು ಅದಕ್ಕಿಂತ ಕೆಳಗಿಳಿದಿತ್ತು. ರೇಡಿಯೊದಲ್ಲಿ ಮಾತಾಡುತ್ತಿದ್ದ ಸಿಬ್ಬಂದಿ ಎತ್ತರ ತಿಳಿಯಲು ಪೈಲಟ್‌ಗಳ ಹಿಂದಿನಿಂದ ಅವರ ಮೀಟರನ್ನೇ ಇಣುಕಿ ನೋಡಬೇಕಿತ್ತು. ಇದರಲ್ಲಿ ಮಿಲಿಟರಿ ವಿಮಾನ ಇರಲಿಲ್ಲ, ಆದರೆ ಮಿಲಿಟರಿ ಬಾನು ಇತ್ತು: ದೆಹಲಿಯ ಸುತ್ತಲಿನ ಹೆಚ್ಚಿನ ವಾಯುಪ್ರದೇಶ ವಾಯುಪಡೆಯ ಕೈಯಲ್ಲಿದ್ದುದರಿಂದ ಏರುವವರಿಗೂ ಇಳಿಯುವವರಿಗೂ ಒಂದೇ ಇಕ್ಕಟ್ಟಾದ ದಾರಿ. ನ್ಯಾಯಮೂರ್ತಿ ಆರ್. ಸಿ. ಲಹೋಟಿ ತನಿಖೆ ನಡೆಸಿದರು. ಆಮೇಲೆ ದಾರಿಗಳು ಬೇರೆ ಬೇರೆಯಾದವು, ಪ್ರಯಾಣಿಕ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು.

ಆ ಉಪಕರಣದ ಹೆಸರು ಟಿಕಾಸ್. ಅದು ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರನ್ನು ಪ್ರಶ್ನಿಸುತ್ತದೆ, ಬಂದ ಉತ್ತರದಿಂದ ದೂರ ಮತ್ತು ಎತ್ತರ ಲೆಕ್ಕ ಹಾಕುತ್ತದೆ. ಮೊದಲು ಎಚ್ಚರಿಕೆ, ಬಳಿಕ ಒಂದು ವಿಮಾನಕ್ಕೆ ‘ಏರು’, ಇನ್ನೊಂದಕ್ಕೆ ‘ಇಳಿ’ ಎಂಬ ಆಜ್ಞೆ. 2018ರ ಜುಲೈನಲ್ಲಿ ಕೊಯಮತ್ತೂರಿನಿಂದ ಹೈದರಾಬಾದಿಗೂ ಬೆಂಗಳೂರಿನಿಂದ ಕೊಚ್ಚಿಗೂ ಹೊರಟಿದ್ದ ಎರಡು ಇಂಡಿಗೊ ವಿಮಾನಗಳು ಬೆಂಗಳೂರಿನ ವಾಯುಪ್ರದೇಶದಲ್ಲಿ ಹತ್ತಿರ ಬಂದವು. ಎತ್ತರದ ಅಂತರ ಬರೀ 200 ಅಡಿಗೆ ಇಳಿದಿತ್ತು. 328 ಪ್ರಯಾಣಿಕರನ್ನು ಉಳಿಸಿದ್ದು ಈ ಟಿಕಾಸ್.

ನಿಯಂತ್ರಕರು ಒಂದು ಹೇಳಿ ಟಿಕಾಸ್ ಇನ್ನೊಂದು ಹೇಳಿದರೆ? ಪೈಲಟ್ ಟಿಕಾಸ್ ಮಾತನ್ನೇ ಕೇಳಬೇಕು. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗೆನ್ ಮೇಲೆ ಒಬ್ಬರು ಟಿಕಾಸ್ ಮಾತನ್ನೂ ಇನ್ನೊಬ್ಬರು ನಿಯಂತ್ರಕರ ಮಾತನ್ನೂ ಕೇಳಿ ಇಬ್ಬರೂ ಕೆಳಗಿಳಿದರು. 71 ಜೀವ ಹೋದವು.

ಟ್ರಾನ್ಸ್‌ಪಾಂಡರ್ ಇಲ್ಲದ ಅಥವಾ ಆರಿಸಿಟ್ಟ ವಿಮಾನ ಟಿಕಾಸ್‌ಗೆ ಕಾಣುವುದೇ ಇಲ್ಲ. ಇಡೀ ವಿಷಯದ ಗಂಟು ಇರುವುದು ಇಲ್ಲಿ. ಹಳೆಯ ಸಣ್ಣ ವಿಮಾನದಲ್ಲಿ ಅದು ಇಲ್ಲದಿರಬಹುದು. ಮಿಲಿಟರಿ ವಿಮಾನಗಳು ಗುಂಪಾಗಿ ಹಾರುವಾಗ ಸಾಮಾನ್ಯವಾಗಿ ಮುಂದಾಳಿನದ್ದು ಮಾತ್ರ ಚಾಲೂ ಇರುತ್ತದೆ. 1971ರ ಜೂನ್ 6ರಂದು ಲಾಸ್ ಏಂಜಲೀಸ್ ಸಮೀಪ ಪ್ರಯಾಣಿಕ ಡಿಸಿ-9ಕ್ಕೆ ಬಡಿದ ಫ್ಯಾಂಟಮ್ ಯುದ್ಧ ವಿಮಾನದ ಟ್ರಾನ್ಸ್‌ಪಾಂಡರ್ ಕೆಟ್ಟಿತ್ತು. 50 ಮಂದಿ ಸತ್ತರು. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನಲ್ಲಿ 37,000 ಅಡಿ ಎತ್ತರದಲ್ಲಿ ಖಾಸಗಿ ಜೆಟ್ ಒಂದರ ರೆಕ್ಕೆ ಬೋಯಿಂಗ್ 737ಕ್ಕೆ ತಾಗಿತು. ಜೆಟ್‌ನ ಟ್ರಾನ್ಸ್‌ಪಾಂಡರ್ ಯಾರಿಗೂ ತಿಳಿಯದಂತೆ ನಿಂತಿತ್ತು. ಸಣ್ಣ ಜೆಟ್ ಹತ್ತಿರದ ವಾಯುಪಡೆ ನೆಲೆಯಲ್ಲಿ ಇಳಿದು ಏಳೂ ಮಂದಿ ಬದುಕಿದರು, ದೊಡ್ಡ ವಿಮಾನದ 154 ಮಂದಿಯಲ್ಲಿ ಯಾರೂ ಉಳಿಯಲಿಲ್ಲ.

1971ರ ಜುಲೈ 30ರಂದು ಜಪಾನಿನ ಶಿಜುಕುಯಿಶಿಯಲ್ಲಿ ತರಬೇತಿಯ ಸೇಬರ್ ಯುದ್ಧ ವಿಮಾನ ಪ್ರಯಾಣಿಕರ ದಾರಿಗೆ ನುಗ್ಗಿ ಬೋಯಿಂಗ್ 727ಕ್ಕೆ ಡಿಕ್ಕಿಯಾಯಿತು. ಕಲಿಯುತ್ತಿದ್ದ ಪೈಲಟ್ ಬದುಕಿದ, 162 ಮಂದಿ ಸತ್ತರು.

ಈಚಿನ ಇನ್ನೊಂದು ಪ್ರಕರಣ 2025ರ ಜನವರಿ 29ರದ್ದು. ವಾಷಿಂಗ್ಟನ್ನಿನ ಪೊಟೊಮ್ಯಾಕ್ ನದಿಯ ಮೇಲೆ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಮತ್ತು ಇಳಿಯುತ್ತಿದ್ದ ಪ್ರಯಾಣಿಕ ವಿಮಾನ ಡಿಕ್ಕಿಯಾಗಿ 67 ಮಂದಿ ಸತ್ತರು. ನೆಲಕ್ಕೆ ಸಮೀಪವಾದಾಗ ಟಿಕಾಸ್ ‘ಏರು, ಇಳಿ’ ಎಂಬ ಆಜ್ಞೆ ಕೊಡುವುದಿಲ್ಲ. ನಿಲ್ದಾಣದ ಹತ್ತಿರ ಮಿಲಿಟರಿಯವರೂ ನಾಗರಿಕರೂ ದಾರಿ ಹಂಚಿಕೊಳ್ಳುವುದು ಅಪಾಯವೆನ್ನುವುದಕ್ಕೆ ಇದೂ ಒಂದು ಕಾರಣ.

ಬಾನಿನಲ್ಲೂ ರಸ್ತೆ ನಿಯಮಗಳಿವೆ. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು, ನಮ್ಮ ರಸ್ತೆಯ ಅಭ್ಯಾಸಕ್ಕೆ ತದ್ವಿರುದ್ಧ. ಮೂಡಣಕ್ಕೆ ಹೋಗುವವರಿಗೆ ಸಾವಿರ ಅಡಿಗಳ ಬೆಸ ಎತ್ತರ, ಪಡುವಣಕ್ಕೆ ಸಮ ಎತ್ತರ. ಎಡ ರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ. ರಾತ್ರಿ ನಮ್ಮ ಅಂಗಳದಿಂದ ನೋಡಿದರೂ ವಿಮಾನ ಯಾವ ಕಡೆ ಹೊರಟಿದೆ ಎಂದು ಇದರಿಂದ ಹೇಳಬಹುದು.

ಭಾರತದ ವಾಯುಪ್ರದೇಶದಲ್ಲಿ ನಾಗರಿಕ ವಿಮಾನಗಳಿಗೆ ಮುಕ್ತವಾಗಿ ಸಿಗುವುದು ಶೇ 60 ಮಾತ್ರ ಎಂದು 2020ರ ಮೇ ತಿಂಗಳಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ್ದರು. ಮಿಲಿಟರಿಗೆ ಬೇಡದ ಹೊತ್ತಿನಲ್ಲಿ ಉಳಿದದ್ದನ್ನೂ ಬಿಟ್ಟುಕೊಟ್ಟರೆ ಇಂಧನ ಉಳಿಯುತ್ತದೆ, ನಿಜ. ಆದರೆ ಹೀಗೆ ಹಂಚಿಕೊಂಡಷ್ಟೂ ಇಬ್ಬರ ನಿಯಂತ್ರಕರ ನಡುವೆ ಮಾತು ಹೆಚ್ಚಬೇಕು.

ಮದುವೆ, ಉತ್ಸವಗಳಲ್ಲಿ ಡ್ರೋನ್ ಹಾರಿಸುವವರಿಗೂ ಒಂದು ಮಾತು. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ 400 ಅಡಿಯವರೆಗೆ ಮಾತ್ರ ಅನುಮತಿ ಕೇಳದೆ ಹಾರಿಸಬಹುದು. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಎಂದು ನೋಡಿಯೇ ಹಾರಿಸಿ. ತಗ್ಗಿನಲ್ಲಿ ಬರುವ ಹೆಲಿಕಾಪ್ಟರಿಗೆ ನಿಮ್ಮ ಡ್ರೋನ್ ಕಾಣುವುದಿಲ್ಲ.

ಪೆರಿಯದಿಂದ ಏಳಿಮಲಕ್ಕೆ ನೇರ ದೂರ ಸುಮಾರು 40 ಕಿ.ಮೀ. ಜೆಟ್ ವಿಮಾನಕ್ಕೆ ಅದು ಮೂರು ನಿಮಿಷದ ದಾರಿ. ಪೆರಿಯದ ಏರ್‌ಸ್ಟ್ರಿಪ್ ಬಗ್ಗೆ ಇನ್ನೊಮ್ಮೆ ಸಭೆ ಸೇರಿದರೆ, ಜಾಗ ಎಷ್ಟು ಎಕರೆ, ರನ್‌ವೇ ಎಷ್ಟು ಉದ್ದ ಎಂದಷ್ಟೇ ಕೇಳಿ ಬರಬೇಡಿ. ಅಲ್ಲಿಂದ ಏಳುವ ಪ್ರತಿ ಸಣ್ಣ ವಿಮಾನದಲ್ಲೂ ಟ್ರಾನ್ಸ್‌ಪಾಂಡರ್ ಇರುತ್ತದೆಯೇ, ಪೈಲಟ್ ಯಾರ ಜೊತೆ ರೇಡಿಯೊದಲ್ಲಿ ಮಾತಾಡುತ್ತಾರೆ, ಬಜ್ಪೆ, ಕಣ್ಣೂರು ಮತ್ತು ನೌಕಾಪಡೆಯವರಿಗೆ ಯಾರು ತಿಳಿಸುತ್ತಾರೆ ಎಂಬುದನ್ನೂ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.